ಅಂಗೈ ನೋಡುತ್ತ ಕೂತ ಮಧ್ಯಾಹ್ನಗಳು

ಸೊರಬದಲ್ಲಿ ಇನ್ನೊಂದು ಬಟ್ಟೆ ಅಂಗಡಿ ತೆಗೆಯುವುದೆಂದು ಮಾವ ಊಟಕ್ಕೆ ಕೂತಾಗ ಹೇಳಿದರು. ಹೇಳಿದ್ದು ಗಂಡುಮಕ್ಕಳಿಬ್ಬರಿಗೆ, ಅಂದರೆ ನನ್ನ ಗಂಡನಿಗೆ ಮತ್ತು ಮೈದುನನಿಗೆ. ನಾನು ರೊಟ್ಟಿ ಬಡಿಸುತ್ತಿದ್ದೆ. ಅವರ ಮಾತು ಮುಗಿಯುವಷ್ಟರಲ್ಲಿ ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು: ಸೊರಬದ ಅಂಗಡಿಗೆ ನಾನು ಹೋಗ್ತೀನಿ. ನಾಲ್ಕೇ ಪದ. ಮಾವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ, ಮಜ್ಜಿಗೆ ತಂದಿಟ್ಟೆ. ಆ ನಾಲ್ಕು ಪದ ಹಲ್ಲಿನ ಹಿಂದೆಯೇ ಕೂತಿದ್ದವು. ಊಟ ಮುಗಿಸಿ ಎಲ್ಲರೂ ಕೈತೊಳೆಯಲು ಎದ್ದು ಹೋದರು.

ಶಿಕಾರಿಪುರದ ನಮ್ಮ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೀರೆ ತೋರಿಸುವವಳು ನಾನು. ಬಾಗಿಲ ಹತ್ತಿರ ಗಲ್ಲಾದಲ್ಲಿ ಗಂಡ ಕೂರುತ್ತಾರೆ. ಅವರ ತಲೆಯ ಮೇಲೆ ಮಾವನ ಫೋಟೊ. ಮಾವ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ, ಆದರೂ ಫೋಟೊ ಹಾಕಿದ್ದಾರೆ. ಯಾಕೆಂದು ನಾನು ಕೇಳಿಲ್ಲ. ನನ್ನ ಜಾಗ ಒಳಗೆ, ಬಿಳಿ ಗಾದಿಯ ಮೇಲೆ. ಅಂಜನಾಪುರದ ಕಡೆಯ ಹೆಂಗಸರು, ಅಂಬ್ಲಿಗೊಳದ ಕಡೆಯವರು, ಮೆಕ್ಕೆಜೋಳ ಮಾರಿದ ಮೇಲೆ ಮದುವೆ ಜವಳಿಗೆ ಅಂತ ಹತ್ತು ಹನ್ನೆರಡು ಜನ ಒಟ್ಟಿಗೆ ಬರುತ್ತಾರೆ. ಬಾಗಿಲಲ್ಲೇ “ಅಕ್ಕಾರು ಅದಾರೇನ್ರೀ?” ಅಂತ ಕೇಳುತ್ತಾರೆ. ನಾನು ಇಲ್ಲದಿದ್ದರೆ ನಾಳೆ ಬರ್ತೀವಿ ಅಂತ ಹೋಗಿಬಿಡುತ್ತಾರೆ. ಗಾದಿಯ ಮೇಲೆ ಕೂತರೆ ನನಗೆ ಯಾರ ಭಯವೂ ಇಲ್ಲ. “ಈ ಬಣ್ಣ ನಿಮಗೆ ಒಪ್ಪಲ್ಲ, ಇಡಿ ಕೆಳಗೆ” ಅಂತ ಮುಖದ ಮೇಲೇ ಹೇಳುತ್ತೇನೆ. ಅವರಿಗೂ ಅದೇ ಬೇಕು.

ಮನೆಯ ಹೊಸಿಲು ದಾಟಿದರೆ ಈ ಬಾಯಿ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು. ಯಾರೋ ನನ್ನನ್ನು ಕಟ್ಟಿಹಾಕಿದ್ದರು ಅಂತ ಮಾತ್ರ ತಿಳಿಯಬೇಡಿ. ಈ ಮನೆಯಲ್ಲಿ ಯಾರೂ ನನ್ನ ಮೇಲೆ ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಕಡಿಮೆ. ಗುಡವಿ ಹತ್ತಿರದ ಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಏನು ಅನ್ನುವ ಕಡೆ “ಎಂತ” ಅಂದರೆ ನಗುತ್ತಿದ್ದರು. ನಾನೂ ನಕ್ಕೆ. ಆಮೇಲೆ “ಎಂತ” ಅನ್ನುವುದನ್ನು ಬಿಟ್ಟೆ. ಹಾಗೇ ಒಂದೊಂದೇ ಬಿಡುತ್ತ ಹೋಗಿ ಕಡೆಗೆ “ಹೂಂ” ಮತ್ತು “ಆಯ್ತು” ಎರಡೇ ಉಳಿದವು. ಎರಡರಲ್ಲಿ ಸಂಸಾರ ಚೆನ್ನಾಗಿಯೇ ನಡೆಯುತ್ತದೆ. ಮನಸ್ಸಿನ ಒಳಗೆ ಮಾತ್ರ ನನ್ನಂಥ ಬಾಯಿಬಡುಕಿ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಪಾತ್ರೆ ತೊಳೆಯುತ್ತ ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಮುಗಿಸುತ್ತಿದ್ದೆ.

ಸೊರಬದ ಅಂಗಡಿ ನನಗೆ ಬೇಕಿತ್ತು. ನನ್ನ ತವರಿನ ಸೀಮೆ, ಅಲ್ಲಿನ ಹೆಂಗಸರು ಏನು ಉಡುತ್ತಾರೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್ಸು ಬರಬಹುದು. ಮಗಳು ದಾವಣಗೆರೆಯಲ್ಲಿ ಹಾಸ್ಟೆಲ್ ಸೇರಿದ್ದಳು, ಹಗಲು ಮನೆಯಲ್ಲಿ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಇವೆಲ್ಲ ನೆಪ. ನಿಜ ಹೇಳಬೇಕೆಂದರೆ, ಬಾಗಿಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಒಂದು ಸಲ ಕೂರಬೇಕು ಅನ್ನಿಸಿತ್ತು. ಮೈದುನನಿಗೂ ಅದರ ಮೇಲೆ ಕಣ್ಣಿತ್ತು. ಅವನು ಶುಂಠಿ ವ್ಯಾಪಾರ ಮಾಡಿ ಬಿಟ್ಟಿದ್ದ, ಬೋರ್‌ವೆಲ್ ಲಾರಿ ಮಾಡಿ ಬಿಟ್ಟಿದ್ದ, ಮೊಬೈಲ್ ಅಂಗಡಿ ಮಾಡಿ ಬಿಟ್ಟಿದ್ದ. ರೇಷ್ಮೆ ಯಾವುದು ಪಾಲಿಯೆಸ್ಟರ್ ಯಾವುದು ಅಂತ ಮುಟ್ಟಿ ಹೇಳಲು ಅವನಿಗೆ ಬರುವುದಿಲ್ಲ. ಒಳ್ಳೆಯ ಹುಡುಗನೇ, ಆದರೆ ಸುಡುಗಾಡು, ಸೀರೆ ಮಡಚಲೂ ಬರಬೇಡವೇ.

ಹದಿನೈದು ದಿನ ಆ ನಾಲ್ಕು ಪದ ಹೊತ್ತು ತಿರುಗಿದೆ. ಮಾವನಿಗೆ ಚಹಾ ಕೊಡುವಾಗ ಹೇಳೋಣ ಅಂತ ಹೋಗುತ್ತಿದ್ದೆ, ಚಹಾ ಕೊಟ್ಟು ಬರುತ್ತಿದ್ದೆ. ಗಂಡನಿಗಾದರೂ ಹೇಳೋಣ ಅಂದರೆ ಅವರು ಮೊಬೈಲಿನಲ್ಲಿ ಮುಳುಗಿರುತ್ತಿದ್ದರು. ಹೇಳಿದ್ದರೂ “ಅಪ್ಪನ್ನ ಕೇಳು” ಅನ್ನುತ್ತಿದ್ದರು, ಮೊದಲೇ ಗೊತ್ತು. ಒಂದು ಬೆಳಿಗ್ಗೆ ಪೇಪರಿನ ಒಳಗಿಂದ ಹಳದಿ ಕರಪತ್ರವೊಂದು ಬಿತ್ತು. ಸಂಮೋಹನ ಚಿಕಿತ್ಸೆ. ಪರೀಕ್ಷೆಯ ಭಯ, ಬೀಡಿ ಸಿಗರೇಟಿನ ಚಟ, ಸಭಾಕಂಪನ, ಕೀಳರಿಮೆ. ಭಾನುವಾರ ಮಾತ್ರ, ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮೇಲೆ. ಕೀಳರಿಮೆ ಅನ್ನುವ ಪದವನ್ನು ಎರಡು ಸಲ ಓದಿದೆ. ಆಮೇಲೆ ಕರಪತ್ರವನ್ನು ಅಕ್ಕಿ ಡಬ್ಬದ ತಳಕ್ಕೆ ಹಾಕಿದೆ.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಕುತ್ತಿಗೆ ನೋವು, ವ್ಯಾಯಾಮ ಹೇಳಿಕೊಡುತ್ತಾರಂತೆ, ತೋರಿಸಿಕೊಂಡು ಬರ್ತೀನಿ ಅಂದೆ. “ಹೋಗ್ಬಾ,” ಅಂದರು ಗಂಡ. ಅತ್ತೆ ಮಾತ್ರ “ಎಣ್ಣೆ ಹಚ್ಚಿದ್ರೆ ಹೋಗತೈತಲ್ಲ,” ಅಂದರು.

ಸಂಮೋಹನ ಅಂದರೆ ಟೋಪಿ ಹಾಕಿಕೊಂಡ ಜಾದೂಗಾರ ಕಣ್ಣು ಕೆಂಪಗೆ ಮಾಡಿ ನೋಡುತ್ತಾನೆ ಅಂದುಕೊಂಡಿದ್ದೆ. ಅಲ್ಲಿದ್ದದ್ದು ಮೂವತ್ತೈದರ ಸುಮಾರಿನ ಒಬ್ಬ ಮನುಷ್ಯ, ಬ್ಯಾಂಕಿನವರ ಹಾಗೆ ಇಸ್ತ್ರಿ ಅಂಗಿ. ವಾರವೆಲ್ಲ ಬೇರೆ ಊರಲ್ಲಿ ಪಾಠ ಮಾಡಿ ಭಾನುವಾರ ಇಲ್ಲಿಗೆ ಬರುತ್ತಿದ್ದರಂತೆ. ಹಿಂದಕ್ಕೆ ಒರಗುವ ಕುರ್ಚಿಯೊಂದಿತ್ತು. ಕ್ಷೌರದಂಗಡಿಯಿಂದ ತಂದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು, ತಲೆ ಇಡುವ ಜಾಗ ಸವೆದಿತ್ತು. ಅದರ ಮೇಲೆ ಒಗೆದ ಟವೆಲ್ ಹಾಸಿದ್ದರು. ಬಾಗಿಲು ಅರ್ಧ ತೆರೆದೇ ಇಟ್ಟರು. ನನಗೆ ಅದು ಹಿಡಿಸಿತು.

“ಏನು ತೊಂದರೆ ಹೇಳಿ,” ಅಂದರು.

“ಒಂದು ಮಾತು ಹೇಳಕ್ಕಾಗ್ತಿಲ್ಲ,” ಅಂದೆ.

“ಯಾರಿಗೆ?”

“ಮಾವನಿಗೆ.”

ಅವರು ನಗಲಿಲ್ಲ. ಅಂಗಡಿಯ ವಿಷಯವನ್ನೆಲ್ಲ ಕೇಳಿ ಬರೆದುಕೊಂಡರು. ಆಮೇಲೆ ಗೋಡೆಗೆ ಚುಚ್ಚಿದ ಕೆಂಪು ಗುಂಡುಪಿನ್ನನ್ನು ತೋರಿಸಿ, ಅದನ್ನೇ ನೋಡುತ್ತಿರಿ, ರೆಪ್ಪೆ ಭಾರವಾಗುತ್ತದೆ ಅಂದರು. ನೋಡಿದೆ. ರೆಪ್ಪೆ ಏನೂ ಭಾರವಾಗಲಿಲ್ಲ. ಪಿನ್ನಿನ ಪಕ್ಕದಲ್ಲಿ ಜೇಡವೊಂದು ಹೋಗುತ್ತಿತ್ತು, ಅದನ್ನು ನೋಡಿದೆ. ಅರ್ಧ ಗಂಟೆ ಹೀಗೇ ಕಳೆಯಿತು. ಅವರಿಗೆ ಬೇಸರವಾಗಿರಬೇಕು, ಆದರೆ ತೋರಿಸಿಕೊಳ್ಳದೆ, “ಸರಿ, ಪಿನ್ನು ಬೇಡ. ನಿಮ್ಮ ಕೈಯನ್ನೇ ಎದೆ ಮಟ್ಟಕ್ಕೆ ಹಿಡಿದುಕೊಂಡು ಅಂಗೈ ನೋಡಿ,” ಅಂದರು.

ಎಡಗೈ ಎತ್ತಿದೆ. ಅಂಗೈ ನೋಡಿದೆ. ಅಷ್ಟೇ, ಹೋದೆ.

ಹೋದೆ ಅಂದರೆ ನಿದ್ದೆಯಲ್ಲ. ಕೆಳಗೆ ಬಸ್ಸಿನ ಹಾರ್ನು ಕೇಳುತ್ತಿತ್ತು, ಕಂಡಕ್ಟರು ಆನವಟ್ಟಿ ಆನವಟ್ಟಿ ಅಂತ ಕೂಗುವುದು ಕೇಳುತ್ತಿತ್ತು, ಆದರೆ ಅದು ಯಾರಿಗೋ ಸಂಬಂಧಪಟ್ಟದ್ದು. ಮೈ ಇಲ್ಲೇ ಇತ್ತು, ನಾನು ಇರಲಿಲ್ಲ. ಅವರು ಹತ್ತು ಮೆಟ್ಟಿಲು ಇಳಿಸಿದರು. “ನಾನು ಯೋಗ್ಯಳು, ನಾನು ಅರ್ಹಳು” ಅಂತ ಹೇಳಿಸಿದರು. ಅರ್ಹ ಅನ್ನುವ ಪದವನ್ನು ನಾನು ನೋಡಿದ್ದು ನೌಕರಿ ಜಾಹೀರಾತಿನಲ್ಲಿ ಮಾತ್ರ. ಆದರೂ ಹೇಳಿದೆ. ಮತ್ತೆ ಹತ್ತು ಮೆಟ್ಟಿಲು ಹತ್ತಿಸಿ ಎಬ್ಬಿಸಿದಾಗ ಅವರ ಮುಖ ಅರಳಿತ್ತು. ಇಷ್ಟು ಬೇಗ, ಇಷ್ಟು ಆಳಕ್ಕೆ ಹೋದವರನ್ನು ನಾನು ನೋಡಿಲ್ಲ, ನಿಮ್ಮಲ್ಲಿ ವಿಶೇಷ ಶಕ್ತಿ ಇದೆ ಅಂದರು.

ಶಕ್ತಿ ಎಂತದೂ ಇರಲಿಲ್ಲ. ಎಂಟನೇ ವಯಸ್ಸಿನಲ್ಲಿ ನನಗೆ ಲಿಂಗದೀಕ್ಷೆ ಆಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ಎದೆ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತೇನೆ. ಇಷ್ಟು ವರ್ಷದಲ್ಲಿ ತಪ್ಪಿಸಿದ್ದಿಲ್ಲ. ನನ್ನ ಎಡಗೈ ಎದೆಯ ಹತ್ತಿರ ಬಂದರೆ ಮನಸ್ಸು ತಾನಾಗಿಯೇ ನಿಂತುಬಿಡುತ್ತದೆ, ಅದಕ್ಕೆ ಪಿನ್ನೂ ಬೇಡ, ಮೆಟ್ಟಿಲೂ ಬೇಡ. ಇದನ್ನು ಆ ಮನುಷ್ಯನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಿಮ್ಮಲ್ಲಿ ವಿಶೇಷ ಶಕ್ತಿ ಇದೆ ಅಂತ ನನಗೆ ಬೇರೆ ಯಾರೂ ಅಂದಿರಲಿಲ್ಲ.

ಮುಂದಿನ ಭಾನುವಾರ ನಾನೇ ಹೇಳಿದೆ, ಈ ಯೋಗ್ಯಳು ಅರ್ಹಳು ನನ್ನ ಬಾಯಿಗೆ ಒಗ್ಗುತ್ತಿಲ್ಲ ಅಂತ. ಹಾಗಾದರೆ ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಹೇಳಿ ಅಂದರು. ಅಂಗೈ ನೋಡುತ್ತ “ಸೊರಬದ ಅಂಗಡಿಗೆ ನಾನು ಹೋಗ್ತೀನಿ” ಅಂತ ಹೇಳಿದೆ. ಸಲೀಸಾಗಿ ಬಂತು. ಇಪ್ಪತ್ತು ಸಲ ಹೇಳಿದೆ. ಇನ್ನು ಮನೆಯಲ್ಲಿಯೂ ದಿನಾ ಹದಿನೈದು ನಿಮಿಷ ಅಭ್ಯಾಸ ಮಾಡಿ, ಯಾರೂ ಅಡ್ಡ ಬರದ ಜಾಗ ನೋಡಿಕೊಳ್ಳಿ ಅಂದರು.

ಯಾರೂ ಅಡ್ಡ ಬರದ ಜಾಗ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು. ಮಲಗುವ ಕೋಣೆಯಲ್ಲಿ ಕೂತರೆ ಅತ್ತೆ ಬೀರು ತೆಗೆಯಲು ಬಂದರು, ಹಿತ್ತಿಲಲ್ಲಿ ಕೂತರೆ ಓರಗಿತ್ತಿ ಬಟ್ಟೆ ಒಣಹಾಕಲು ಬಂದಳು. ಉಳಿದದ್ದು ದೇವರ ಕೋಣೆ. ನಮ್ಮಲ್ಲಿ ಅಂಗೈ ಮೇಲೆ ಲಿಂಗ ಇದ್ದವರನ್ನು ಯಾರೂ ಮಾತಾಡಿಸುವಂತಿಲ್ಲ. ಫೋನು ಬರಲಿ, ಬೀಗರು ಬರಲಿ, ಹಾಲು ಉಕ್ಕಲಿ, ಪೂಜೆ ಮುಗಿಯುವ ತನಕ ಕಾಯಬೇಕು. ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತೆ. ಲಿಂಗ ಕರಡಿಗೆಯಲ್ಲೇ, ಸೆರಗಿನ ಒಳಗೇ ಇತ್ತು. ಎತ್ತಿ ಹಿಡಿದದ್ದು ಬರಿಯ ಅಂಗೈ. ಹಿಂದಿನಿಂದ ನೋಡಿದವರಿಗೆ ಅದು ಹೇಗೆ ತಿಳಿಯಬೇಕು.

ಮೊದಲ ದಿನ ಅಳುಕಾಯಿತು, ಶಿವನ ಹೆಸರಲ್ಲಿ ನಾಟಕವಾಯಿತಲ್ಲ ಅಂತ. ಮೂರನೇ ದಿನಕ್ಕೆ ಅದೂ ಹೋಯಿತು. ದಿನಾ ಮಧ್ಯಾಹ್ನ ಅಂಗಡಿಯಿಂದ ಬಂದು ಊಟಕ್ಕೆ ಮೊದಲು ಕೂರುತ್ತಿದ್ದೆ. ಹದಿನೈದು ನಿಮಿಷ ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಮುಕ್ಕಾಲಾಯಿತು. ನಾಲ್ಕು ಪದ ಹೇಳಿಕೊಂಡು ಮುಗಿಸಿ ಸುಮ್ಮನೆ ಕೂತಿರುತ್ತಿದ್ದೆ. ಏನೂ ಅನ್ನಿಸುತ್ತಿರಲಿಲ್ಲ. ಅತ್ತೆ ಎದುರು ಮನೆಯವರ ಹತ್ತಿರ “ನಮ್ಮ ದೊಡ್ಡ ಸೊಸಿಗೆ ಈಗೀಗ ಭಕ್ತಿ ಭಾಳ. ಎರಡು ಹೊತ್ತು ಪೂಜೆ,” ಅಂತ ಹೇಳುವುದು ಕೇಳಿಸಿತು. ಅದಕ್ಕೂ ಏನೂ ಅನ್ನಿಸಲಿಲ್ಲ. ಭಯ ಹೋಗಿದೆಯಾ ಅಂತ ಆ ಮನುಷ್ಯ ಪ್ರತಿ ಭಾನುವಾರ ಕೇಳುತ್ತಿದ್ದರು. ಹೋಗಿದೆ ಅನ್ನುತ್ತಿದ್ದೆ. ನಿಜವಾಗಿಯೂ ಹೋಗಿತ್ತು. ಹಸಿವು, ಸಿಟ್ಟು, ಸೊರಬದ ಆಸೆ, ಅವೂ ಸುಮಾರಾಗಿ ಹೋಗಿದ್ದವು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದು ಸೋಮವಾರ ಸಂಜೆ ನಾನು ಹೂವು ಕಟ್ಟುತ್ತಿದ್ದಾಗ ಅತ್ತೆ ಬಂದು ಕೂತರು. ಸೊರಬಕ್ಕೆ ಸಣ್ಣವನು ಹೋಗುವುದು ಅಂತ ಆಯ್ತು ಅಂದರು. ಆಮೇಲೆ, “ನಿಮ್ಮ ಮಾವ ಮಧ್ಯಾಹ್ನ ನಿನ್ನ ಕೇಳಾಕಂತ ದೇವರ ಕೋಣೆ ಬಾಗಿಲಿಗೆ ಬಂದಿದ್ರು,” ಅಂದರು. “ಸೊರಬಕ್ಕ ನೀ ಹೋಗ್ತಿಯೇನು ಅಂತ ಕೇಳಿದ್ರಂತೆ. ಪೂಜೆಲಿ ಕೂತಾಳೆ, ಮಾತಾಡಿಸಬ್ಯಾಡ್ರಿ ಅಂತ ನಾನೇ ಕರಕೊಂಡು ಬಂದೆ. ನಿಂಗೆ ಕೇಳಿಸ್ಲಿಲ್ಲೇನು?”

“ಇಲ್ಲ ಅತ್ತೆ. ಕೇಳಿಸ್ಲಿಲ್ಲ.”

“ನಿಮ್ಮ ಮಾವ, ಆಕಿ ತಲಿ ಎತ್ತಲಿಲ್ಲ, ಬ್ಯಾಡ ಅಂತ ಕಾಣತೈತೆ ಅಂದ್ರು.”

ಹೂವಿನ ದಾರ ತುಂಡಾಯಿತು ಅಂತೆಲ್ಲ ಬರೆಯಲಾರೆ, ಏನೂ ತುಂಡಾಗಲಿಲ್ಲ. ಮೊಳ ಮುಗಿಯುವ ತನಕ ಕಟ್ಟಿದೆ. ಇಪ್ಪತ್ತೆರಡು ವರ್ಷದಲ್ಲಿ ಮಾವ ನನ್ನನ್ನು ಕೇಳಲು ಬಂದದ್ದು ಒಂದೇ ಸಲ. ಆ ಹೊತ್ತಿಗೆ ನಾನು ಬರಿಯ ಅಂಗೈ ಹಿಡಿದುಕೊಂಡು ಆತ್ಮವಿಶ್ವಾಸ ಬೆಳೆಸುತ್ತಿದ್ದೆ. ಬೇರೆಯವರ ಮನೆಯಲ್ಲಿ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಸೊರಬದ ಅಂಗಡಿ ಪೂಜೆಗೆ ಎಲ್ಲರೂ ಹೋದೆವು. ಬಾಳೆಕಂದು ಕಟ್ಟಿದ್ದರು, ಸ್ವಾಮಿಗಳು ಬಂದಿದ್ದರು. ಮೈದುನ ಹೊಸ ಅಂಗಿ ಹಾಕಿಕೊಂಡು ಗಲ್ಲಾದಲ್ಲಿ ಕೂತ. ಓರಗಿತ್ತಿ ಮತ್ತು ನಾನು ಆರತಿ ಬೆಳಗಿದೆವು. ಅವನು ನನ್ನ ಕಾಲಿಗೆ ನಮಸ್ಕಾರ ಮಾಡಿ “ಅತ್ತಿಗೆ, ಮೊದ್ಲ ಒಂದು ವಾರ ಬಂದು ಸೀರೆ ಜೋಡಿಸಿಕೊಡ್ರಿ” ಅಂದ. ಆಯ್ತು ಅಂದೆ. ತವರಿನ ಕಡೆಯ ಹೆಂಗಸರು ಐದಾರು ಜನ ಬಂದಿದ್ದರು, ಜೊತೆಗೆ ನನ್ನ ದೊಡ್ಡಮ್ಮನೂ. ದೊಡ್ಡಮ್ಮ ನನ್ನನ್ನು ಮೂಲೆಗೆ ಎಳೆದು, “ಎಂತ ಮಾರಾಯ್ತಿ, ನೀನೇ ಕೂರ್ತೀಯ ಅಂದ್ಕಂಡು ಊರೆಲ್ಲ ಹೇಳಿ ಬಂದೀನಲ್ಲೆ,” ಅಂದಳು.

“ಅವರು ಕೇಳಕ್ಕೆ ಬಂದಾಗ ಪೂಜೇಲಿದ್ದೆ. ಕೇಳಿಸ್ಲಿಲ್ಲ.”

“ಅಯ್ಯೋ ಶಿವನೇ,” ಅಂದಳು ದೊಡ್ಡಮ್ಮ. ಕಣ್ಣಲ್ಲಿ ನೀರು ಹಾಕಿಕೊಂಡಳು. ಅಳಬೇಕಾದವಳು ನಾನು, ಅವಳು ಅಳುವುದನ್ನು ನೋಡುತ್ತ ನಿಂತಿದ್ದೆ. ಅವಳ ಸೀರೆಯ ಫಾಲ್ಸ್ ಒಂದು ಕಡೆ ಬಿಟ್ಟಿತ್ತು, ಹೊಲಿಸಬೇಕು ಅಂತ ಯೋಚನೆ ಬಂತು. ಅದರ ಹೊರತಾಗಿ ಒಳಗೆ ಏನೂ ಇರಲಿಲ್ಲ. ಊಟಕ್ಕೆ ಕೂತಾಗ ಪಾಯಸ ಎರಡು ಸಲ ಹಾಕಿಸಿಕೊಂಡೆ.

ಪೂಜೇಲಿದ್ದೆ, ಕೇಳಿಸ್ಲಿಲ್ಲ. ಅದನ್ನು ಮಗಳಿಗೆ ಫೋನಿನಲ್ಲಿ ಹೇಳಿದೆ, ಗಂಡನಿಗೆ ಹೇಳಿದೆ, ಅಂಗಡಿಗೆ ಬಂದ ಹೆಂಗಸರಿಗೂ ಹೇಳಿದೆ. ಹೇಳಿ ಹೇಳಿ ಬಾಯಿಗೆ ಸಲೀಸಾಯಿತು. ಮುಂದಿನ ಭಾನುವಾರ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲೂ ಅದನ್ನೇ ಹೇಳಿದೆ. ಆ ಮನುಷ್ಯನಿಗೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಅವರು ಪೆನ್ನು ತೆಗೆದರು. ಬಾಗಿಲಲ್ಲಿ ನಿಂತು ಕೇಳಿದರೂ ಕೇಳಿಸದಷ್ಟು ಆಳವೆಂದರೆ ಸಾಮಾನ್ಯವಲ್ಲ, ಮುಂದಿನ ತರಬೇತಿ ಶಿಬಿರದಲ್ಲಿ ಇದನ್ನು ಉದಾಹರಣೆಯಾಗಿ ಹೇಳಬಹುದೇ, ನಿಮ್ಮ ಹೆಸರು ಹಾಕುವುದಿಲ್ಲ ಅಂದರು. ಬರೆಯುತ್ತಲೇ ಹೋದರು.

ನನಗೆ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದ ಸಿಟ್ಟು, ಮೊದಲು ಅದು ಸಿಟ್ಟು ಅಂತಲೇ ತಿಳಿಯಲಿಲ್ಲ, ಕಿವಿ ಬಿಸಿಯಾಯಿತು.

“ಬರೀಬೇಡ್ರೀ,” ಅಂದೆ. “ನಂಗೆ ಕೇಳಿಸಿತ್ತು.”

ಅವರು ತಲೆ ಎತ್ತಿದರು.

ಕೇಳಿಸಿತ್ತು. ಮಾವನ ಹೆಜ್ಜೆಯ ಸದ್ದು ಪಡಸಾಲೆಯಲ್ಲಿ ನಿಂತದ್ದು ಕೇಳಿಸಿತ್ತು. ಅವರು ಕೆಮ್ಮಿದ್ದು ಕೇಳಿಸಿತ್ತು. “ಸೊರಬಕ್ಕ ನೀ ಹೋಗ್ತಿಯೇನವ್ವ? ಸಣ್ಣವನು ಹೋಗ್ತೀನಿ ಅಂತಾನೆ, ನಿಂದೇನು?” ಅಂತ ಕೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತ್ತು. ಅಂಗೈಯಲ್ಲಿ ಲಿಂಗ ಇರಲಿಲ್ಲ. ನಾಲ್ಕು ಪದ ಆಗಷ್ಟೇ ಇಪ್ಪತ್ತು ಸಲ ಹೇಳಿಕೊಂಡು ಮುಗಿಸಿದ್ದೆ, ಬಾಯಲ್ಲಿ ಇನ್ನೂ ಬೆಚ್ಚಗಿದ್ದವು. ತಿರುಗಿ ಹೇಳಿದ್ದರೆ ಆಗುತ್ತಿತ್ತು. ನಾನು ಅಂಗೈ ನೋಡುತ್ತ ಕೂತೆ. ಅವರು ಕಾದರು. ಅತ್ತೆ ಬಂದರು, ಕರೆದುಕೊಂಡು ಹೋದರು. ಹೆಜ್ಜೆಯ ಸದ್ದು ಹೋದ ಮೇಲೂ ಮುಕ್ಕಾಲು ಗಂಟೆ ಕೂತಿದ್ದೆ.

ಇದನ್ನೆಲ್ಲ ಆ ಮನುಷ್ಯನಿಗೆ ಹೇಳಿದೆ. ಎಂಟನೇ ವಯಸ್ಸಿನಿಂದ ಎಡಗೈ ಹಿಡಿದು ಕೂರುವುದು ಅಭ್ಯಾಸ ಅಂತಲೂ ಹೇಳಿದೆ. ಮದುವೆಯಾಗಿ ಬಂದ ಮೇಲೆ ಬೆಳಗಿನ ಆ ಒಂದು ಗಳಿಗೆ ನನ್ನನ್ನು ಯಾರೂ ಕರೆಯುವಂತಿರಲಿಲ್ಲ, ಅದಕ್ಕಾಗಿಯೇ ಪೂಜೆಯನ್ನು ಉದ್ದ ಮಾಡುತ್ತಿದ್ದೆ, ಶಿವನಿಗಾಗಿ ಅಲ್ಲ ಅಂತಲೂ ಬಾಯಿಬಿಟ್ಟೆ. ಅವರು ಪೆನ್ನು ಮುಚ್ಚಿಟ್ಟರು.

“ಹಾಗಾದರೆ ತಲೆ ಯಾಕೆ ಎತ್ತಲಿಲ್ಲ?” ಅಂದರು.

“ಎತ್ತಿದ್ರೆ ಹೋಗ್ಬೇಕಾಗ್ತಿತ್ತಲ್ಲ.”

ಅಂದ ಮೇಲೆ ನನಗೇ ತಿಳಿಯಿತು. ಅಲ್ಲಿ ಹೋಗಿ ಕೂತು, ವ್ಯಾಪಾರ ಆಗದೆ, ಆರು ತಿಂಗಳಲ್ಲಿ ಬಾಗಿಲು ಹಾಕಿಕೊಂಡು ಬಂದಿದ್ದರೆ? ಮೈದುನನಿಗೆ ಇನ್ನೊಂದು ವ್ಯಾಪಾರ ಇರುತ್ತದೆ. ನನಗೆ? ನನಗೆ ಕೊಡಲಿಲ್ಲ ಅಂತ ಪಾತ್ರೆ ತೊಳೆಯುತ್ತ ಬೈದುಕೊಳ್ಳಲೂ ಆಗುತ್ತಿರಲಿಲ್ಲ. ಮಾವನ ಭಯ ಅಂತ ಇಷ್ಟು ದಿನ ಹೇಳಿಕೊಂಡು ಬಂದಿದ್ದೆ, ಆ ಮುದುಕ ಏನು ಮಾಡಿದ್ದಾರೆ ನನಗೆ. ನನ್ನ ಬಗ್ಗೆ ನನಗೇ ಎರಡು ಕಾಸಿನ ನಂಬಿಕೆ ಇರಲಿಲ್ಲ. ಕೀಳರಿಮೆ ಅಂತ ಆ ಹಳದಿ ಕಾಗದದಲ್ಲಿ ಸರಿಯಾಗಿಯೇ ಬರೆದಿದ್ದರು.

ಆ ಮನುಷ್ಯ ಬರೆದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. ಪಾಪ, ಅವರಿಗೂ ಮುಜುಗರವಾಗಿತ್ತು. “ನಾನು ನಿಮ್ಮನ್ನು ಇನ್ನೂ ಒಳಗೆ ಕಳಿಸುತ್ತಿದ್ದೆ. ನೀವು ಮೊದಲೇ ಒಳಗಿದ್ದಿರಿ,” ಅಂದರು. ಇನ್ನು ಮನೆಯಲ್ಲಿ ಅಭ್ಯಾಸ ಬೇಡ, ಕುರ್ಚಿಯೂ ಬೇಡ. ಕೇಳಿಸಿತ್ತು ಅಂತ ನಿಮ್ಮ ಮಾವನಿಗೆ ಹೋಗಿ ಹೇಳಿ ಅಂದರು.

“ಹೇಳಿ ಏನು ಬಂತು? ಅಂಗಡಿ ಹೋಯ್ತಲ್ಲ.”

“ಅಂಗಡಿಗಲ್ಲ,” ಅಂದರು. ಮತ್ತೆ ನಾನು ಆ ಕೋಣೆಗೆ ಹೋಗಲಿಲ್ಲ.

ಒಂದು ವಾರ ಬಿಟ್ಟು ಮಾವನಿಗೆ ಸಂಜೆ ನಾಲ್ಕರ ಚಹಾ ತೆಗೆದುಕೊಂಡು ಹೋದೆ. ಅವರು ಹೊರಗಿನ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದರು. ಲೋಟ ಇಟ್ಟೆ. ಒಳಗೆ ಬರಲಿಲ್ಲ, ಅಲ್ಲೇ ನಿಂತೆ.

“ಮಾವ, ಅವತ್ತು ನೀವು ದೇವರ ಕೋಣೆ ಬಾಗಿಲಲ್ಲಿ ಕೇಳಿದ್ದು ನಂಗೆ ಕೇಳಿಸಿತ್ತು.”

ಪೇಪರು ಇಳಿಸಲಿಲ್ಲ. “ಗೊತ್ತವ್ವ,” ಅಂದರು.

ಪೇಪರಿನ ಹಿಂದಿನಿಂದಲೇ ಮಾತು ಮುಂದುವರಿಸಿದರು.

“ನಾ ಕೆಮ್ಮಿದ ಕೂಡ್ಲೇ ನಿನ್ನ ಬೆನ್ನು ನೆಟ್ಟಗಾತು. ಕೇಳಿಸೈತೆ ಅಂತ ಗೊತ್ತಾತು. ಅದಕ್ಕೇ ಎರಡನೇ ಸಲ ಕೇಳ್ಲಿಲ್ಲ.”

“ಈಗ ಕೇಳಿ.”

ಆಗ ಪೇಪರು ಇಳಿಸಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಈಗ ಕೇಳಿ ಏನು ಮಾಡ್ಲಿ? ಅವನು ಕೂತಾತಲ್ಲ.”

“ಕೇಳಿ ಮಾವ.”

ರಸ್ತೆಯಲ್ಲಿ ಯಾರೋ ಅವರಿಗೆ ನಮಸ್ಕಾರ ಹೇಳಿ ಹೋದರು, ಇವರು ತಿರುಗಲಿಲ್ಲ. ಆಮೇಲೆ ಅವತ್ತಿನ ದನಿಯಲ್ಲೇ, “ಸೊರಬಕ್ಕ ನೀ ಹೋಗ್ತಿಯೇನವ್ವ?” ಅಂದರು.

“ಹೋಗ್ತೀನಿ,” ಅಂದೆ. ಅಭ್ಯಾಸ ಮಾಡಿದ ದನಿಯಲ್ಲ ಅದು, ಒಡಕು ದನಿ. “ನಂಗೆ ಅದು ಬೇಕಿತ್ತು. ಭಾಳ ಬೇಕಿತ್ತು. ಸಣ್ಣವರನ್ನ ಎಬ್ಬಿಸಿ ಅಂತಿಲ್ಲ. ಬೇಕಿತ್ತು ಅನ್ನೋದು ನಿಮಗೆ ಗೊತ್ತಿರ್ಲಿ.”

ಅವರು ಚಹಾ ಮುಟ್ಟಲಿಲ್ಲ. ನಾನು ಒಳಗೆ ಬಂದೆ. ಅಡುಗೆಮನೆಯಲ್ಲಿ ಗೋಡೆ ಹಿಡಿದು ನೆಲದ ಮೇಲೆ ಕೂತೆ. ಇಷ್ಟು ದಿನ ಎಲ್ಲಿ ಹೋಗಿತ್ತೋ ಆ ಭಯವೆಲ್ಲ ಒಟ್ಟಿಗೆ ಬಂದಿತ್ತು, ಜೊತೆಗೆ ಅಳುವೂ. ಅತ್ತೆ ಸೊಪ್ಪು ಸೋಸುತ್ತ ಕೂತಿದ್ದವರು ಗಾಬರಿಯಾಗಿ ಎದ್ದು ಬಂದರು. ಏನಾಯ್ತು ಅಂದರು. ಒಂದನ್ನೂ ಮುಚ್ಚಿಡದೆ ಹೇಳಿದೆ. ಬರಿಯ ಅಂಗೈ ಹಿಡಿದು ಕೂತದ್ದನ್ನೂ ಹೇಳಿದೆ. ಬೈಯುತ್ತಾರೆ, ಎದುರು ಮನೆಯವರ ಮುಂದೆ ಮಾನ ಹೋಯಿತು ಅನ್ನುತ್ತಾರೆ ಅಂದುಕೊಂಡೆ.

ಅವರು ನನ್ನ ಪಕ್ಕದಲ್ಲಿ ನೆಲದ ಮೇಲೇ ಕೂತರು. ಕೈಯಲ್ಲಿ ಇನ್ನೂ ಸೊಪ್ಪಿನ ದಂಟು ಇತ್ತು.

“ನಿನ್ನ ಬಾಗಿಲ ತನಕ ಬಂದು ಕೇಳಿದ್ರು,” ಅಂದರು. “ಈ ಮನಿಗೆ ಬಂದು ಐವತ್ತು ವರ್ಷಾತು. ನನ್ನ ಏನೂ ಕೇಳಿಲ್ಲ. ಒಂದ್ಸಲನೂ.”

ನಾನು ಮೂಗು ಒರೆಸಿಕೊಂಡು ಅವರ ಕಡೆ ತಿರುಗಿದೆ. “ಕೇಳಿದ್ರೆ ಏನಂತಿದ್ರಿ ಅತ್ತೆ?”

ಅವರು ದಂಟನ್ನು ತಿರುವಿ ತಿರುವಿ ನೋಡಿದರು.

“ಗೊತ್ತಿಲ್ಲವ್ವ,” ಅಂದರು. “ಯೋಚ್ನೆನೇ ಮಾಡಿಲ್ಲ.”